ಸ್ಟುವರ್ಟ್‌ಗೆ ಎಷ್ಟು ಅಂಕ?

ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಊಟದ ಮೇಜಿನ ಮೇಲೆ ಯುದ್ಧ ನಡೆಯುತ್ತದೆ. ತಿಂಡಿ ಮುಗಿದು, ಮೇಜು ಒರೆಸಿ, ಹಸಿರು ಬೆಡ್‌ಶೀಟು ಹಾಸಿದರೆ ಅದು ಪಂಜಾಬು. ಅದನ್ನೇ ಮಗುಚಿ ಹಾಕಿದರೆ ಮಾಸಲು ಕಂದು, ರಾಜಸ್ಥಾನ. ಮಧ್ಯಾಹ್ನ ಒಂದೂವರೆಯೊಳಗೆ ಎರಡೂ ಸೈನ್ಯಗಳು ಜಾಗ ಖಾಲಿ ಮಾಡಬೇಕು, ಅಷ್ಟೊತ್ತಿಗೆ ಸಾರಿಗೆ ಒಗ್ಗರಣೆ ಬಿದ್ದಿರುತ್ತದೆ. ಮೈಸೂರಿನಲ್ಲಿ ಹೀಗೆ ಆಡುವವರು ಎಷ್ಟು ಜನ ಇದ್ದಾರೋ ಕಾಣೆ, ನನಗಂತೂ ಖಾಯಂ ಎದುರಾಳಿ ಒಬ್ಬನೇ: ಅಕ್ಕನ ಮಗ, ಎಂಜಿನಿಯರಿಂಗ್ ಮೂರನೇ ವರ್ಷ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬೆರಳುದ್ದದ ಟ್ಯಾಂಕುಗಳು, ಒಂದು ಟೇಪು, ಒಂದಷ್ಟು ದಾಳ. ಟ್ಯಾಂಕನ್ನು ಇಂಚಿನ ಲೆಕ್ಕದಲ್ಲಿ ಸರಿಸುತ್ತೇವೆ, ಗುಂಡು ತಗಲಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಆದರೆ ದಾಳಕ್ಕೆ ಎಲ್ಲ ಟ್ಯಾಂಕೂ ಒಂದೇ. ಯಾವುದರ ಕವಚ ದಪ್ಪ, ಯಾವುದರ ಗನ್ನು ಜೋರು ಅಂತ ಯಾರಾದರೂ ಮೊದಲೇ ಬರೆದಿಟ್ಟಿರಬೇಕು. ಹಾಗಾಗಿ ಪ್ರತಿ ಟ್ಯಾಂಕಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಅಂಕಗಳು. ತಲೆಬರಹದ ಸ್ಟುವರ್ಟ್ ಕೂಡ ಅಂಥ ಒಂದು ಟ್ಯಾಂಕು, ಅದರ ಸರದಿ ಕೊನೆಗೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ನಿಯಮದ ಪುಸ್ತಕಗಳಲ್ಲಿ ಈ ಅಂಕಗಳು ಸಿದ್ಧವಾಗಿಯೇ ಇರುತ್ತವೆ. ತೊಂದರೆಯೆಂದರೆ ಬಹುತೇಕ ಎಲ್ಲರಿಗೂ ಎರಡನೇ ಮಹಾಯುದ್ಧದ ನಾರ್ಮಂಡಿ ಬೇಕು, ಕುರ್ಸ್ಕ್ ಬೇಕು. ಜರ್ಮನರ ಒಂದೊಂದು ಟ್ಯಾಂಕಿಗೂ ಮೂರು ನಾಲ್ಕು ಅವತಾರ, ಅವಕ್ಕೆಲ್ಲ ಬೇರೆ ಬೇರೆ ಅಂಕ. ನಮ್ಮವರು ಕಾದಾಡಿದ 1965ರ ಖೇಮ್ ಕರಣ್‌ಗೆ, 1948ರ ಜೋಜಿಲಾಗೆ ಹುಡುಕಿದರೆ ನನ್ನ ಕಪಾಟಿನಲ್ಲಿ ಏನೂ ಸಿಗಲಿಲ್ಲ. ಸರಿ, ಮನೆಯಲ್ಲೇ ಮಾಡೋಣ ಅಂತ ಕೂತೆ. ಉಪ್ಪಿನಕಾಯಿ ಮನೆಯಲ್ಲಿ ಹಾಕುವುದಿಲ್ಲವೇ?

ನನ್ನದು ಲೆಕ್ಕಪತ್ರದ ಕೆಲಸ. ಅಂಕಿ ಕಂಡರೆ ಕೈ ತಾನಾಗಿ ಕಾಲಂ ಎಳೆಯುತ್ತದೆ. ಚೌಕುಳಿ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ಮುಂಭಾಗದ ಕವಚ, ಪಕ್ಕದ ಕವಚ, ಗನ್ನು, ವೇಗ. ಹತ್ತು ಮಿಲಿಮೀಟರ್ ಉಕ್ಕಿಗೆ ಒಂದು ಅಂಕ. ಇಷ್ಟರಿಂದ ಪ್ರಪಂಚದ ಎಲ್ಲ ಟ್ಯಾಂಕುಗಳ ಯೋಗ್ಯತೆ ಅಳೆದುಬಿಡಬಹುದು ಅನ್ನಿಸಿತ್ತು.

ಕವಚದ ಲೆಕ್ಕ ನಿಜಕ್ಕೂ ಮಜವಾಗಿದೆ. ಉಕ್ಕಿನ ಹಲಗೆ ಎಷ್ಟು ದಪ್ಪ ಅನ್ನುವುದಕ್ಕಿಂತ ಎಷ್ಟು ಓರೆ ಅನ್ನುವುದು ಮುಖ್ಯ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಹೋಳು ಉದ್ದ ಬರುತ್ತದಲ್ಲ, ಅದೇ. ಗುಂಡು ಹಲಗೆಯೊಳಗೆ ಸಾಗಬೇಕಾದ ದಾರಿ ಉದ್ದವಾಗುತ್ತದೆ. ಎಲ್ಲರೂ ಹೊಗಳುವ ರಷ್ಯಾದ ಟಿ-34ರ ಮುಂಭಾಗ ಬರೀ 45 ಮಿ.ಮೀ., ಆದರೆ ನೆಟ್ಟಗಿನ ಗೆರೆಯಿಂದ 60 ಡಿಗ್ರಿ ಮಲಗಿದೆ. ಆ ಕೋನದ ಕೊಸೈನ್‌ನಿಂದ (60 ಡಿಗ್ರಿಗೆ ಅದು ಅರ್ಧ) ಭಾಗಿಸಿದರೆ 90. ಅಮೆರಿಕದ ಶರ್ಮನ್ ಟ್ಯಾಂಕನ್ನು ಎಲ್ಲರೂ ತಗಡಿನ ಡಬ್ಬ ಅನ್ನುತ್ತಾರೆ. ಅದರ ಮೊದಲ ಮಾದರಿಗಳ ಮುಂಭಾಗ 51 ಮಿ.ಮೀ., 56 ಡಿಗ್ರಿ ಓರೆ. ಭಾಗಿಸಿ ನೋಡಿ, 91. ಹೊಗಳಿಸಿಕೊಂಡದ್ದಕ್ಕೂ ಬೈಸಿಕೊಂಡದ್ದಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸ, ಅದೂ ಬೈಸಿಕೊಂಡದ್ದರ ಕಡೆಗೇ. ಈ ಲೆಕ್ಕ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆಂಡತಿಗೆ ಹೇಳಿದೆ, ಅವಳಿಗೆ ಚೆನ್ನಾಗಿ ನಿದ್ದೆ ಬಂತು.

ಗನ್ನಿನ ಕಾಲಂ ಇಷ್ಟು ಸರಳ ಅಲ್ಲ. ಯಾವ ಗನ್ನು ಎಷ್ಟು ದೂರದಿಂದ ಎಷ್ಟು ಉಕ್ಕನ್ನು ಭೇದಿಸುತ್ತದೆ ಅಂತ ಕೋಷ್ಟಕಗಳು ಧಾರಾಳ ಸಿಗುತ್ತವೆ, ಆದರೆ ಒಂದು ದೇಶದ ಕೋಷ್ಟಕ ಇನ್ನೊಂದರ ಜೊತೆ ಮಾತಾಡುವುದಿಲ್ಲ. ಜರ್ಮನರು ಸಾಮಾನ್ಯವಾಗಿ ಹಲಗೆಯನ್ನು 30 ಡಿಗ್ರಿ ಓರೆ ಇಟ್ಟು ಹೊಡೆದರು. ಬೇರೆ ಕೆಲವರು ನೇರ ನಿಲ್ಲಿಸಿ ಹೊಡೆದರು. 'ಭೇದಿಸಿತು' ಅಂದರೇನು ಅನ್ನುವುದರಲ್ಲೂ ಒಮ್ಮತವಿಲ್ಲ. ಅಮೆರಿಕದಲ್ಲೇ ಭೂಸೇನೆಗೆ ಹಲಗೆಯ ಆಚೆ ಬೆಳಕು ಕಾಣುವಷ್ಟು ತೂತಾದರೆ ಸಾಕಿತ್ತು; ನೌಕಾಪಡೆಗೆ ಗುಂಡು ಪೂರ್ತಿ ಆಚೆ ಹೋಗಿರಬೇಕಿತ್ತು. ಎರಡು ಕೋಷ್ಟಕ ಪಕ್ಕಪಕ್ಕ ಇಟ್ಟು ಅಂಕ ಕೊಟ್ಟರೆ ಒಬ್ಬ ಮೇಷ್ಟ್ರು ನೂರಕ್ಕೆ, ಇನ್ನೊಬ್ಬ ಮೇಷ್ಟ್ರು ಎಪ್ಪತ್ತೈದಕ್ಕೆ ಕೊಟ್ಟ ಮಾರ್ಕ್ಸನ್ನು ಒಂದೇ ಪಟ್ಟಿಯಲ್ಲಿ ಕೂಡಿಸಿದ ಹಾಗೆ. ನಾನು ಮೊದಲು ಮಾಡಿದ ಪಟ್ಟಿ ಅಂಥದ್ದೇ. ಆರು ತಿಂಗಳ ಕೆಲಸ, ಹರಿದು ಹಾಕಿದೆ.

ಇನ್ನು ದಾಳ. ಇಲ್ಲಿ ನನ್ನ ಗುರು ಅಜ್ಜಿ, ಚೌಕಾಬಾರದಲ್ಲಿ ನನ್ನನ್ನು ಒಮ್ಮೆಯೂ ಗೆಲ್ಲಲು ಬಿಡದಿದ್ದವಳು. ನಾಲ್ಕು ಕವಡೆ ಎಸೆದರೆ ಎರಡು ಮೇಲಾಗಿ ಬೀಳುವುದೇ ಹೆಚ್ಚು, ನಾಲ್ಕೂ ಮೇಲಾಗಿ ಚೌಕ, ನಾಲ್ಕೂ ಕವುಚಿ ಬಾರ ಬೀಳುವುದು ಅಪರೂಪ. ಅಜ್ಜಿಗೆ ಸಂಭವನೀಯತೆಯ ಗಣಿತ ಗೊತ್ತಿರಲಿಲ್ಲ, ಆದರೆ ಯಾವ ಮನೆಯಲ್ಲಿ ಕಾಯಿ ನಿಲ್ಲಿಸಿದರೆ ಹೊಡೆಸಿಕೊಳ್ಳುವುದಿಲ್ಲ ಅಂತ ಗೊತ್ತಿತ್ತು. ಎರಡು ದಾಳ ಒಟ್ಟಿಗೆ ಎಸೆದಾಗಲೂ ಇದೇ ನಡೆಯುತ್ತದೆ. 36 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಮೊತ್ತ 7 ಬರುವ ಬಗೆಗಳು ಆರು, 12 ಬರುವುದು ಒಂದೇ. ಹಾಗಾಗಿ ಕಾರ್ಡಿನಲ್ಲಿ ಒಂದು ಅಂಕ ಹೆಚ್ಚು ಕೊಟ್ಟೆ ಅಂದರೆ ಎಷ್ಟು ಕೊಟ್ಟೆ? ನಡುವಿನಲ್ಲಾದರೆ 36ಕ್ಕೆ ಆರು, ಅಂಚಿನಲ್ಲಾದರೆ ಒಂದು. ಮನೆಯಲ್ಲಿ ನಿಯಮ ಮಾಡುವವರು ಮೊದಲು ಎಡವುವುದು ಇಲ್ಲೇ. 'ಪಾಪ, ಒಳ್ಳೇ ಟ್ಯಾಂಕು, ಒಂದು ಅಂಕ ಸೇರಿಸೋಣ' ಅಂತ ಸೇರಿಸಿದ ಒಂದು, ಕೆಲವು ಕಡೆ ಇಡೀ ಆಟವನ್ನೇ ಬಗ್ಗಿಸಿಬಿಡುತ್ತದೆ.

ಕೊನೆಗೆ ನಿಂತ ನಿಯಮ ಇದು: ಎರಡು ದಾಳ ಎಸೆದು, ಗನ್ನಿನ ಅಂಕ ಕೂಡಿಸಿ, ಏಳು ಕಳೆಯಬೇಕು. ಬಂದದ್ದು ಎದುರಿನ ಕವಚದ ಅಂಕಕ್ಕೆ ಸಮ ಅಥವಾ ಹೆಚ್ಚಾದರೆ ಗುಂಡು ಒಳಗೆ ಹೋಯಿತು.

ಮೊದಲು ಆಡಿದ್ದು ಅಸಲ್ ಉತ್ತರ್ ಕದನ. 1965ರ ಸೆಪ್ಟೆಂಬರ್ 8ರಿಂದ 10, ಪಂಜಾಬಿನ ಖೇಮ್ ಕರಣ್ ಹತ್ತಿರ. ಪಾಕಿಸ್ತಾನದ 1ನೇ ಆರ್ಮರ್ಡ್ ಡಿವಿಷನ್ ಅಮೆರಿಕದ ಪ್ಯಾಟನ್ ಟ್ಯಾಂಕುಗಳನ್ನು ತಂದಿತ್ತು, ಎಂ47 ಮತ್ತು ಎಂ48. ನಮ್ಮ ಕಡೆ 4ನೇ ಮೌಂಟನ್ ಡಿವಿಷನ್ ಮತ್ತು 2ನೇ ಆರ್ಮರ್ಡ್ ಬ್ರಿಗೇಡ್‌ನ ಟ್ಯಾಂಕು ದಳಗಳು: 3ನೇ ಕ್ಯಾವಲ್ರಿಯ ಬ್ರಿಟಿಷ್ ಸೆಂಚೂರಿಯನ್‌ಗಳು, ಡೆಕ್ಕನ್ ಹಾರ್ಸ್‌ನ ಶರ್ಮನ್‌ಗಳು, 8ನೇ ಕ್ಯಾವಲ್ರಿಯ ಪುಟ್ಟ ಫ್ರೆಂಚ್ ಎಎಂಎಕ್ಸ್-13ಗಳು. ಈ ಎಎಂಎಕ್ಸ್ ಒಂದು ವಿಚಿತ್ರ ಪ್ರಾಣಿ. ರಿವಾಲ್ವರಿನ ಹಾಗೆ ಆರಾರು ಗುಂಡಿನ ಎರಡು ಡ್ರಮ್ಮು. ಹನ್ನೆರಡು ಹೊಡೆದ ಮೇಲೆ ಹಿಂದೆ ಸರಿದು ಯಾರಾದರೂ ಹೊರಗಿಳಿದು ತುಂಬಬೇಕು. ಅದಕ್ಕೆ ಕಾರ್ಡಿನಲ್ಲಿ ಹನ್ನೆರಡು ಚುಕ್ಕಿ ಇಟ್ಟು, ಹೊಡೆದ ಹಾಗೆ ಪೆನ್ಸಿಲಿನಲ್ಲಿ ಹೊಡೆದುಹಾಕುತ್ತಿದ್ದೆವು.

ಎಂ48ರ ಮುಂಭಾಗ 110 ಮಿ.ಮೀ., 60 ಡಿಗ್ರಿ ಓರೆ. ಅಂದರೆ 220, ಕಾರ್ಡಿನಲ್ಲಿ 22. ಶರ್ಮನ್‌ನ 76 ಮಿ.ಮೀ. ಗನ್ನು ಸಾವಿರ ಗಜದಲ್ಲಿ ಸುಮಾರು 90 ಮಿ.ಮೀ. ಭೇದಿಸುತ್ತದೆ, ಅಂದರೆ 9. ದಾಳ ಹನ್ನೆರಡೇ ಬಿದ್ದರೂ ಒಂಬತ್ತು ಕೂಡಿಸಿ ಏಳು ಕಳೆದರೆ 14. ಅಜ್ಜಿಯೇ ಬಂದು ಎಸೆದರೂ 22 ಆಗುವುದಿಲ್ಲ. ಸೆಂಚೂರಿಯನ್‌ನ 20 ಪೌಂಡರ್ ಗನ್ನಿಗೆ ತಾಕತ್ತಿತ್ತು, ಆದರೆ ಅವು ಕಡಿಮೆ. ಹುಡುಗ ಪ್ಯಾಟನ್‌ಗಳನ್ನು ಸಾಲಾಗಿ ನಿಲ್ಲಿಸಿ, ಮೂತಿ ಮುಂದೆ ಮಾಡಿ, ದೂರದಿಂದ ಹೊಡೆಯುತ್ತಾ ಬಂದ. ಮೂರು ಭಾನುವಾರ ಆಡಿದೆವು, ಮೂರೂ ಸಲ ಪ್ಯಾಟನ್‌ಗಳು ತಮ್ಮ ಗುರಿಯಾದ ಬಿಯಾಸ್ ಸೇತುವೆಯ ಕಡೆ ಹೊರಟುಹೋದವು. ನಿಜದಲ್ಲಿ ಗೆದ್ದದ್ದು ನಮ್ಮವರು ಅಂತ ಎಲ್ಲರಿಗೂ ಗೊತ್ತು. ಭಾರತದ ಲೆಕ್ಕದಲ್ಲಿ ಪಾಕಿಸ್ತಾನ ಅಲ್ಲಿ ಕಳೆದುಕೊಂಡದ್ದು 97 ಟ್ಯಾಂಕು. ಭೀಖಿವಿಂಡ್ ಹತ್ತಿರ ಅವನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಿತ್ತು.

ಆಗ ನಾನು ಮಾಡಿದ್ದು ಒಪ್ಪಿಕೊಳ್ಳಲು ಈಗಲೂ ನಾಚಿಕೆಯಾಗುವ ಕೆಲಸ. ಪ್ಯಾಟನ್ ಕಾರ್ಡಿನಲ್ಲಿ 'ಸಿಬ್ಬಂದಿ' ಅಂತ ಹೊಸ ಕಾಲಂ ಎಳೆದು ಅದರಲ್ಲಿ ಮೈನಸ್ ಎರಡು ಬರೆದೆ. ಗೆಲ್ಲಲಿಲ್ಲ. ಮೈನಸ್ ಮೂರು ಮಾಡಿದೆ. ಗೆದ್ದೆ. ಅಕ್ಕನ ಮಗ ಕಾರ್ಡನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, "ಮಾವ, ನಿಮಗೆ ಉತ್ತರ ಮೊದಲೇ ಗೊತ್ತಿತ್ತು. ಅದು ಬರೋ ತನಕ ಹಿಂದಿನಿಂದ ಲೆಕ್ಕ ಮಾಡಿದೀರಾ" ಅಂದ. ನಮ್ಮ ಕಾಲದಲ್ಲಿ ಇದಕ್ಕೆ ಗೈಡು ನೋಡಿ ಬರೆಯುವುದು ಅನ್ನುತ್ತಿದ್ದರು.

ಈ ಜಗಳ ನಮ್ಮಿಬ್ಬರದೇ ಅಲ್ಲ ಅನ್ನುವುದು ಸಮಾಧಾನ. ಪ್ರಷ್ಯಾದ ರೈಸ್‌ವಿಟ್ಜ್ ಎಂಬ ಸೇನಾಧಿಕಾರಿ 1824ರಲ್ಲಿ ನಕ್ಷೆ, ದಾಳ, ಕೋಷ್ಟಕ ಇಟ್ಟು ಯುದ್ಧದಾಟ ಮಾಡಿದ. ಅರ್ಧ ಶತಮಾನ ಕಳೆದ ಮೇಲೆ, 1876ರಲ್ಲಿ, ಅದೇ ಸೈನ್ಯದ ವೆರ್ಡಿ ದು ವೆರ್ನುವಾ ಈ ಕೋಷ್ಟಕಗಳೆಲ್ಲ ಬೇಡ, ಅನುಭವಸ್ಥ ಅಂಪೈರ್ ಒಬ್ಬ ನೋಡಿ ಹೇಳಿದರೆ ಸಾಕು ಅಂದ. ನನಗೆ ಎರಡನೆಯವನ ಮೇಲೆ ಗೌರವವಿದೆ, ಆದರೆ ನಮ್ಮ ಮನೆಯಲ್ಲಿ ಅಂಪೈರ್ ಆಗಬಲ್ಲವರು ಒಬ್ಬರೇ, ಅವರಿಗೆ ಒಂದೂವರೆಗೆ ಮೇಜು ಬೇಕು.

ತಿರುವು ಬಂದದ್ದು ಬೇರೆ ಕಡೆಯಿಂದ. ನಮ್ಮ ಬೀದಿಯ ಕೊನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ದಫೇದಾರರಿದ್ದಾರೆ. ಚೆನ್ನೈ ಹತ್ತಿರದ ಆವಡಿಯಲ್ಲಿ ತಯಾರಾಗುತ್ತಿದ್ದ ವಿಜಯಂತ ಟ್ಯಾಂಕನ್ನು ವರ್ಷಗಟ್ಟಲೆ ಓಡಿಸಿದವರು. ಒಂದು ಸಂಜೆ ಧೈರ್ಯ ಮಾಡಿ ನನ್ನ ನೋಟ್‌ಬುಕ್ಕು ತೋರಿಸಿದೆ. ಕನ್ನಡಕ ಏರಿಸಿ ಇಳಿಸಿ ಎರಡು ಪುಟ ನೋಡಿದರು. "ಎಲ್ಲಾ ಚೆನ್ನಾಗಿದೆ ಸಾರ್. ಒಳಗೆ ಕೂತೋನಿಗೆ ಏನು ಕಾಣಿಸ್ತದೆ ಅಂತ ಎಲ್ಲಿ ಬರ್ದಿದೀರಾ?"

ಬರೆದಿರಲಿಲ್ಲ. ಮೇಜಿನ ಮೇಲೆ ಬಾಗಿ ನಿಂತ ನಮಗೆ ಎಲ್ಲವೂ ಕಾಣುತ್ತದೆ, ಆದ್ದರಿಂದ ಅದು ಹೊಳೆದಿರಲೇ ಇಲ್ಲ. ಟ್ಯಾಂಕಿನ ಮುಚ್ಚಳ ಹಾಕಿದರೆ ಕಮಾಂಡರನಿಗೆ ಪ್ರಪಂಚವೆಂದರೆ ಒಂದಷ್ಟು ಗಾಜಿನ ಸೀಳು. ತಲೆ ಹೊರಗಿಟ್ಟರೆ ಕಾಣುತ್ತದೆ, ಆದರೆ ತಲೆ ಹೊರಗಿರುತ್ತದೆ. 1940ರಲ್ಲಿ ಫ್ರಾನ್ಸಿನ ಷಾರ್ ಬಿ1 ಬಿಸ್ ಟ್ಯಾಂಕಿನ 60 ಮಿ.ಮೀ. ಕವಚಕ್ಕೆ ಜರ್ಮನರ ಸಣ್ಣ ಗನ್ನುಗಳು ಬಡಿದು ಸಿಡಿದು ಹೋಗುತ್ತಿದ್ದವು. ಆದರೆ ಅದರ ಗೋಪುರದಲ್ಲಿ ಒಬ್ಬನೇ ಮನುಷ್ಯ. ಅವನೇ ಗುಂಡು ತುಂಬಬೇಕು, ಅವನೇ ಗುರಿ ಇಡಬೇಕು, ಅವನೇ ಹೊಡೆಯಬೇಕು, ಮಧ್ಯೆ ಬಿಡುವಾದರೆ ಆಜ್ಞೆಯನ್ನೂ ಕೊಡಬೇಕು. ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರೇ ಅಡುಗೆ ಮಾಡಿ ಬಡಿಸಿದ ಹಾಗೆ. ಕವಚದ ಕಾಲಂನಲ್ಲಿ ಇದು ಎಲ್ಲಿ ಕಾಣಬೇಕು?

ಹೊಸ ಕಾಲಂ ಎಳೆದೆ. ಹೆಸರು 'ಕಣ್ಣು'.

ಅದಕ್ಕೆ ಏನು ಅಂಕ ಕೊಡುವುದು ಅಂತ ತಿಳಿಯಲು ಕೂತಲ್ಲಿಂದ ಏಳಬೇಕಾಯಿತು. ಅಸಲ್ ಉತ್ತರ್‌ನಲ್ಲಿ ಆಳೆತ್ತರದ ಕಬ್ಬಿನ ಗದ್ದೆಗಳಿದ್ದವು, ನಮ್ಮವರು ರಾತ್ರಿ ಕಾಲುವೆ ಒಡೆದು ಗದ್ದೆಗೆ ನೀರು ಬಿಟ್ಟಿದ್ದರು, ಕುದುರೆ ಲಾಳದ ಆಕಾರದಲ್ಲಿ ಮೂರು ಕಡೆ ಅಡಗಿ ಕಾದಿದ್ದರು. ಇದನ್ನು ಓದಿ ಓದಿ ಬಾಯಿಪಾಠ ಆಗಿತ್ತು. ಕಬ್ಬು ನೋಡಲು ಪಂಜಾಬಿಗೆ ಹೋಗಬೇಕೆ? ಮಂಡ್ಯದ ಹತ್ತಿರ ಚಿಕ್ಕಪ್ಪನ ಗದ್ದೆಯಿದೆ. ಅಕ್ಕನ ಮಗನನ್ನು ಕರೆದುಕೊಂಡು ಸೆಪ್ಟೆಂಬರಿನಲ್ಲೇ ಹೋದೆ. ಅವನ ಕೈಗೆ ಕೆಂಪು ಛತ್ರಿ ಬಿಚ್ಚಿ ಕೊಟ್ಟು ಸಾಲಿನೊಳಗೆ ನಡೆಯಲು ಹೇಳಿದೆ. ಸಾಲಿನ ಉದ್ದಕ್ಕೆ ನಡೆದಾಗ ಒಂದಿಷ್ಟು ದೂರ ಕಂಡ. ಸಾಲಿಗೆ ಅಡ್ಡವಾಗಿ ಹೋದಾಗ ನಾಲ್ಕನೇ ಹೆಜ್ಜೆಗೆ ಛತ್ರಿ ಮಾಯ, ಸದ್ದು ಮಾತ್ರ. ಗರಿ ಸೋಕಿ ಮೊಣಕೈ ತುಂಬ ಗೀರು. ಹಿಂದಿನ ದಿನ ನೀರು ಕಟ್ಟಿದ್ದರಿಂದ ನನ್ನ ಎಡಗಾಲಿನ ಚಪ್ಪಲಿ ಕೆಸರಿನಲ್ಲೇ ಉಳಿಯಿತು. ಚಿಕ್ಕಪ್ಪ ಬದುವಿನ ಮೇಲೆ ನಿಂತು ನೋಡುತ್ತಿದ್ದವರು, "ಏನ್ಲಾ ಕಳ್ಕೊಂಡಿದೀರ ಒಳಗೆ?" ಅಂದರು. ಪ್ಯಾಟನ್ ಟ್ಯಾಂಕು ಹುಡುಕ್ತಿದೀವಿ ಅಂತ ಹುಡುಗ ಒಳಗಿನಿಂದಲೇ ಕೂಗಿದ.

ಪ್ಯಾಟನ್ ಎತ್ತರ ಸುಮಾರು ಮೂರು ಮೀಟರು. ಎತ್ತರಕ್ಕೆ ಬೆಳೆದ ಕಬ್ಬಿನಲ್ಲಿ ಗೋಪುರದ ನೆತ್ತಿ ಮಾತ್ರ ಮೇಲೆ. ದೂರ ಅಳೆಯಲು ಅದರಲ್ಲಿ ಎರಡು ಕಣ್ಣಿನಿಂದ ನೋಡುವ ಸ್ಟೀರಿಯೋ ಯಂತ್ರವಿತ್ತು. ಚೆನ್ನಾಗಿ ಕಲಿತವನ ಕೈಯಲ್ಲಿ ಅದು ಬಯಲುಸೀಮೆಯ ದೂರದ ಗುರಿಗೆ ಹೇಳಿ ಮಾಡಿಸಿದ್ದು. ಕಬ್ಬಿನ ಮರೆಯಿಂದ ಇನ್ನೂರು ಮುನ್ನೂರು ಗಜದಲ್ಲಿ ಹೊಡೆಯುವವನ ಎದುರು ದೂರ ಅಳೆದು ಆಗಬೇಕಾದ್ದೇನು? ಅಷ್ಟು ಹತ್ತಿರದಲ್ಲಿ ಬೇಕಾದ್ದು ಪ್ಯಾಟನ್ನಿನ ಪಕ್ಕೆ. ಅದರ ಪಕ್ಕದ ಕವಚ 76 ಮಿ.ಮೀ., ಕಾರ್ಡಿನಲ್ಲಿ 8. ಅದೇ ಬಡಪಾಯಿ ಶರ್ಮನ್, ಅದೇ 9ರ ಗನ್ನು: ಈಗ ದಾಳದಲ್ಲಿ ಆರು ಬಂದರೆ ಸಾಕು, 36ರಲ್ಲಿ 26 ಸಲ ಬರುತ್ತದೆ. ಎದುರಿನಿಂದ ಸೊನ್ನೆ, ಪಕ್ಕದಿಂದ 26. ಟ್ಯಾಂಕು ಒಡೆಯುವ 106 ಮಿ.ಮೀ. ರಿಕಾಯಿಲ್‌ಲೆಸ್ ಗನ್ನು ಹೊತ್ತ ಜೀಪಿನಲ್ಲಿ ನಮ್ಮ ಹವಾಲ್ದಾರ್ ಅಬ್ದುಲ್ ಹಮೀದ್ ಕಾದು ಕಾದು ಹತ್ತಿರದಿಂದ ಹೊಡೆದದ್ದೂ ಇಂಥ ಲೆಕ್ಕವೇ. ಜೀಪಿಗೆ ಕವಚದ ಕಾಲಂನಲ್ಲಿ ಬರೆಯಲು ಏನೂ ಇಲ್ಲ. ಒಂದು ಗೆರೆ ಎಳೆದು ಬಿಟ್ಟಿದ್ದೇನೆ.

'ಸಿಬ್ಬಂದಿ ಮೈನಸ್ ಮೂರು' ಅಳಿಸಿದೆ. ಪ್ಯಾಟನ್‌ಗೆ ಅದರ 22 ವಾಪಸ್ ಕೊಟ್ಟೆ, ಅದು ಅದರ ಹಕ್ಕು. ಬದಲಿಗೆ ಮೇಜಿನ ಮೇಲೆ ಹಳೇ ಪೊರಕೆ ಕಡ್ಡಿ ಕತ್ತರಿಸಿ ಕಬ್ಬಿನ ಗದ್ದೆ ಮಾಡಿದೆ, ನನ್ನ ಟ್ಯಾಂಕುಗಳನ್ನು ಮೇಜಿನಿಂದ ತೆಗೆದು ಎಲ್ಲಿ ಅಡಗಿವೆ ಅಂತ ಚೀಟಿಯಲ್ಲಿ ಬರೆದಿಟ್ಟೆ. ನೀರು ನಿಂತ ಗದ್ದೆಗಳಲ್ಲಿ ಅರ್ಧ ಎಲ್ಲಿವೆ ಅಂತ ಅವನಿಗೆ ಹೇಳಲಿಲ್ಲ. ಆವತ್ತು ಪ್ಯಾಟನ್‌ಗಳು ಪೊರಕೆ ಕಡ್ಡಿಯಲ್ಲಿ ಸಿಕ್ಕಿಕೊಂಡವು. ಎರಡನೇ ಸಲ ಅವನು ಹುಷಾರಾಗಿ ಸುತ್ತು ಹೊಡೆದು ಬಂದು ಗೆದ್ದ. ಅದೂ ಸರಿಯೇ.

ಇಷ್ಟೆಲ್ಲ ಆದ ಮೇಲೂ ನಾನು ಒಂದು ಟ್ಯಾಂಕಿನ ಎದುರು ಮಂಡಿಯೂರಿದೆ. ಎಂ5 ಸ್ಟುವರ್ಟ್. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೇ ಮುದಿಯಾಗಿದ್ದ ಹಗುರ ಟ್ಯಾಂಕು. ತೂಕ ಸುಮಾರು 15 ಟನ್, ಕ್ಯಾಡಿಲಾಕ್ ಕಾರಿನ ಎರಡು ವಿ-8 ಎಂಜಿನ್ನು, 37 ಮಿ.ಮೀ. ಗನ್ನು. ಮುಂಭಾಗ 29 ಮಿ.ಮೀ., 48 ಡಿಗ್ರಿ ಓರೆ, ಭಾಗಿಸಿದರೆ 43. ಕಾರ್ಡಿನಲ್ಲಿ ಕವಚ 4, ಗನ್ನು 5. ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು. "ಇದನ್ನ ಟ್ಯಾಂಕ್ ಅನ್ನೋದಾ ಮಾವ, ಆಟೋ ಅನ್ನೋದಾ?" ಅಂತ ಹುಡುಗ ಕಾರ್ಡನ್ನು ಗಾಳಿ ಹಾಕಿಕೊಳ್ಳಲು ಬಳಸಿದ.

ಆದರೆ ಪಾಕಿಸ್ತಾನದ ಜೊತೆಗಿನ ಮೊದಲ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು ಈ ಆಟೋಗಳು ಜೋಜಿಲಾ ಹತ್ತಿದವು. ಸುಮಾರು 3,500 ಮೀಟರ್ ಎತ್ತರದ ಕಣಿವೆ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಬಾಗಿಲು. ಆ ಬೇಸಿಗೆಯಲ್ಲಿ ಕಾರ್ಗಿಲ್, ದ್ರಾಸ್ ಎರಡೂ ಕೈತಪ್ಪಿ, ಬಾಗಿಲು ಎದುರಾಳಿಯ ವಶದಲ್ಲಿತ್ತು. ಲೇಹ್ ಆಚೆ ಒಂಟಿಯಾಗಿತ್ತು. ಸೆಪ್ಟೆಂಬರಿನಲ್ಲಿ 77ನೇ ಪ್ಯಾರಾಶೂಟ್ ಬ್ರಿಗೇಡ್ ಏರಿ ಹೋಗಿ, ಬಂಡೆಗಳ ಸಂದಿಯಿಂದ ಬಂದ ಮಷೀನ್‌ಗನ್ ಗುಂಡಿಗೆ ಹಿಂದೆ ಸರಿಯಬೇಕಾಯಿತು. ಅಲ್ಲಿಗೆ ಟ್ಯಾಂಕು ಒಯ್ಯೋಣ ಅನ್ನುವ ಹುಚ್ಚು ಯೋಚನೆಯ ಹಿಂದೆ ನಿಂತವರು ಡಿವಿಷನ್ನಿನ ಮೇಜರ್ ಜನರಲ್, ನಮ್ಮ ಮಡಿಕೇರಿಯ ಕೆ. ಎಸ್. ತಿಮ್ಮಯ್ಯ. ಮಡಿಕೇರಿಗೆ ಹೋದವರು ಅವರ ಮನೆ 'ಸನ್ನಿ ಸೈಡ್' ನೋಡಿರಬಹುದು, ಈಗ ಮ್ಯೂಸಿಯಂ. 7ನೇ ಕ್ಯಾವಲ್ರಿಯ ಸ್ಟುವರ್ಟ್‌ಗಳನ್ನು ಬಿಚ್ಚಿ, ಭಾರ ಇಳಿಸಿ, ದುರ್ಬಲ ಸೇತುವೆಗಳ ಮೇಲೆ ಎಳೆದು ದಾಟಿಸಿ, ಗುಟ್ಟಾಗಿ ಶ್ರೀನಗರದ ಮೂಲಕ ಕಣಿವೆಯ ಬುಡದ ಬಾಲ್ತಾಲ್‌ಗೆ ತಂದರು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ದಾರಿ. ಅದನ್ನು ಜೀಪು ಹೋಗುವ ದಾರಿ ಮಾಡಿದವರು ಮದ್ರಾಸ್ ಸ್ಯಾಪರ್ಸ್‌ನ ಎರಡು ಕಂಪನಿ. ಅವರ ಕೇಂದ್ರ ಇವತ್ತಿಗೂ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿದೆ. ವಾಕಿಂಗ್ ಹೋಗುವವರು ಕಾಂಪೌಂಡು ನೋಡಿಕೊಂಡೇ ಹೋಗುತ್ತಾರೆ. 7ನೇ ಕ್ಯಾವಲ್ರಿಯ ನಾಯಕ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್ 'ಸ್ಪ್ಯಾರೋ'. ಗುಬ್ಬಚ್ಚಿ ಅಂತ ಅಡ್ಡಹೆಸರಿನ ಈ ಮನುಷ್ಯ 1965ರಲ್ಲಿ ಸಿಯಾಲ್‌ಕೋಟ್ ಕಡೆ ನಮ್ಮ ಇಡೀ 1ನೇ ಆರ್ಮರ್ಡ್ ಡಿವಿಷನ್ನನ್ನು ನಡೆಸಿದರು. ಎರಡು ಸಲವೂ ಮಹಾವೀರ ಚಕ್ರ.

ಟ್ಯಾಂಕುಗಳು ಮೇಲೆ ಬಂದವು, ಬಂಕರುಗಳ ಬಾಯಿಗೆ ಹೊಡೆದವು, ಎದುರಾಳಿ ಕಣಿವೆ ಬಿಟ್ಟುಹೋದ. ನವೆಂಬರ್ 24ಕ್ಕೆ ಕಾರ್ಗಿಲ್‌ನಲ್ಲಿ ಲೇಹ್ ಕಡೆಯಿಂದ ಬಂದವರ ಜೊತೆ ಕೈಕುಲುಕಿದರು.

ಈಗ ನನ್ನ ಕಾರ್ಡಿನಲ್ಲಿ ಇದನ್ನು ಹೇಗೆ ತೋರಿಸಲಿ? ಸೂತ್ರ ಹಿಡಿದು ಹೋದರೆ ಸ್ಟುವರ್ಟ್ ಅಂಕ ಇನ್ನೂ ಇಳಿಯುತ್ತದೆ. ಆ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಮುಕ್ಕಾಲು ಪಾಲಿಗಿಂತಲೂ ಕಡಿಮೆ, ಕಾರ್ಬ್ಯುರೇಟರ್ ಎಂಜಿನ್ನು ತನ್ನ ಶಕ್ತಿಯ ಮೂರನೇ ಒಂದು ಭಾಗದಷ್ಟನ್ನು ದಾರಿಯಲ್ಲೇ ಬಿಟ್ಟುಬರುತ್ತದೆ. ರಸ್ತೆಯಲ್ಲಿ ಗಂಟೆಗೆ 58 ಕಿ.ಮೀ. ಓಡುವುದು ಇಲ್ಲಿ ತೆವಳುತ್ತದೆ. 37 ಮಿ.ಮೀ. ಸ್ಫೋಟಕ ಗುಂಡಿನ ತೂಕ ಮುಕ್ಕಾಲು ಕಿಲೋ ಅಷ್ಟೇ, ಮೊದಲ ಮಾದರಿಯ ಶರ್ಮನ್ನಿನ 75 ಮಿ.ಮೀ. ಗುಂಡು ಆರೂವರೆ ಕಿಲೋ ಇದ್ದರೆ. ಹೀಗೆ ಕಳೆಯುತ್ತಾ ಹೋದೆ. ವೇಗ 12 ಇಂಚಿನಿಂದ 3 ಇಂಚಿಗೆ ಇಳಿಯಿತು. ಕಾರ್ಡು ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

ಹೊಳೆದದ್ದು ಒಂದು ರಾತ್ರಿ ಎದುರಾಳಿಯ ಕಾರ್ಡು ಬರೆಯುವಾಗ. ಬಂಕರಿನಲ್ಲಿ ಮಷೀನ್‌ಗನ್ನು. ಅದರ ಹೆಸರು ಬರೆದು, ಗನ್ನಿನ ಕಾಲಂಗೆ ಬಂದೆ. ಏನು ಬರೆಯಲಿ? ಅದು ಹತ್ತು ಮಿಲಿಮೀಟರನ್ನೂ ಸರಿಯಾಗಿ ಭೇದಿಸುವುದಿಲ್ಲ. ಸೊನ್ನೆ ಬರೆದರೆ ದಾಳ ಎಸೆಯುವ ಹಕ್ಕು ಬರುತ್ತದೆ, ಹನ್ನೆರಡು ಬಿದ್ದರೆ ಟ್ಯಾಂಕು ಹೋಗುತ್ತದೆ, ಅದು ಸುಳ್ಳು. ಸೊನ್ನೆಯನ್ನೂ ಬರೆಯದೆ ಖಾಲಿ ಬಿಟ್ಟೆ. ಖಾಲಿ ಕಾಲಂ ನೋಡುತ್ತಾ ಕೂತಾಗ ಗೊತ್ತಾಯಿತು: ಎದುರಿಗೆ ಮಷೀನ್‌ಗನ್ನು ಮಾತ್ರ ಇರುವಾಗ 43 ಮಿಲಿಮೀಟರಿಗೂ 220 ಮಿಲಿಮೀಟರಿಗೂ ವ್ಯತ್ಯಾಸವೇ ಇಲ್ಲ. ನಾನು ಇಷ್ಟು ದಿನ ಟ್ಯಾಂಕಿನೊಳಗೆ ಇದೆ ಅಂದುಕೊಂಡು ಹುಡುಕುತ್ತಿದ್ದ ಅಂಕ ಎದುರಿನವನ ಕಾರ್ಡಿನಲ್ಲಿತ್ತು. ಇನ್ನು ಪ್ಯಾಟನ್ ಒಂದನ್ನು ಆ ದಾರಿಗೆ ತಂದಿದ್ದರೆ? 46 ಟನ್. ಮೊದಲನೇ ಸೇತುವೆಯಲ್ಲೇ ಕಥೆ ಮುಗಿಯುತ್ತಿತ್ತು. ಪಟ್ಟಿಯ ಕಟ್ಟಕಡೆಯ ಟ್ಯಾಂಕಿನ ಹಗುರತನವೇ ಅದನ್ನು ಮೇಲೆ ತಂದದ್ದು, ನನ್ನ ನೋಟ್‌ಬುಕ್ಕಿನಲ್ಲಿ ತೂಕಕ್ಕೊಂದು ಕಾಲಂ ಕೂಡ ಇರಲಿಲ್ಲ.

ಉಳಿದದ್ದು ಒಂದೇ, ಅದು ಬಹಳ ಕಷ್ಟದ್ದು. ಜೋಜಿಲಾದಲ್ಲಿ ಕಾದವರಿಗೆ ಟ್ಯಾಂಕು ಬರುತ್ತದೆ ಅಂತ ಗೊತ್ತಿರಲಿಲ್ಲ. ಇದಕ್ಕೆ ಪ್ಲಸ್ ಎಷ್ಟು? ಗೊತ್ತಿರುವ ಎದುರಾಳಿಯ ಎದುರು 'ನಿನಗೆ ಗೊತ್ತಿಲ್ಲ ಅಂದುಕೋ' ಅಂತ ದಾಳಕ್ಕೆ ಮೂರು ಕೂಡಿಸುವುದು ನನಗೆ ಮತ್ತೆ ಗೈಡು ನೋಡಿ ಬರೆದ ಹಾಗೆ ಕಂಡಿತು.

ಅಕ್ಕನ ಮಗನಿಗೆ ಸ್ಟುವರ್ಟ್ ಯೋಜನೆ ಕೈಬಿಟ್ಟೆ ಅಂತ ಹೇಳಿದೆ. ಸೆಪ್ಟೆಂಬರಿನ ದಾಳಿ ಆಡೋಣ, ಬರೀ ಕಾಲಾಳುಗಳು, ನೀನು ಮೇಲಿನವನು ಅಂದೆ. ಥರ್ಮೋಕೋಲಿನಲ್ಲಿ ಬೆಟ್ಟ ಮಾಡಿದೆ. ಕಲ್ಲಿನ ಬಣ್ಣ ಬರಲಿ ಅಂತ ಸ್ಪ್ರೇ ಪೇಂಟು ಹೊಡೆದದ್ದೇ ತಡ, ಅರ್ಧ ಬೆಟ್ಟ ಉಪ್ಪಿನ ಹಾಗೆ ಕರಗಿತು. ಕರಗಿದ ಗುಳಿಗಳು ಬಂಡೆಯ ಸಂದಿಗಳ ಹಾಗೇ ಕಂಡವು, ಹಾಗೇ ಬಿಟ್ಟೆ. ಭಾನುವಾರ ಅವನು ಆ ಗುಳಿಗಳಲ್ಲಿ ಮಷೀನ್‌ಗನ್ನುಗಳನ್ನು ಎಷ್ಟು ಚೆನ್ನಾಗಿ ಕೂರಿಸಿದನೆಂದರೆ, ನನ್ನ ಕಾಲಾಳುಗಳು ದಾರಿಯ ಅರ್ಧಕ್ಕೆ ಬರುವುದರೊಳಗೆ ಮೂರರಲ್ಲಿ ಒಂದು ಪಾಲು ಉರುಳಿದವು. ನನ್ನ ಸ್ಯಾಪರ್ ಗೊಂಬೆಗಳು ಕೆಳಗಿನ ದಾರಿಯಲ್ಲಿ ಪ್ರತಿ ಸರದಿಗೂ ಎರಡಿಂಚು ಕಂದು ಟೇಪು ಅಂಟಿಸಿಕೊಂಡು ಬರುತ್ತಿದ್ದವು. "ಅವು ಏನು ಮಾಡ್ತಿವೆ?" ಅಂದ. ಜೀಪಿಗೆ ದಾರಿ ಅಂದೆ. ಜೀಪಿನ ಮೇಲೆ ಅವನಿಗೆ ಆಸಕ್ತಿ ಇರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಚಕ್ಕುಲಿ ಡಬ್ಬ ಇತ್ತು, ಅದರ ಮೇಲೆ ಆಸಕ್ತಿ ಇತ್ತು. ಎರಡು ಸಲ ಕೇಳಿದ. ಆಮೇಲೆ ಕೊಡ್ತೀನಿ ಇರೋ ಅಂದೆ.

ಟೇಪು ಮೇಲಿನ ತಿರುವು ಮುಟ್ಟಿದಾಗ ಡಬ್ಬದ ಮುಚ್ಚಳ ತೆಗೆದೆ. ಹತ್ತಿಯ ಮೇಲೆ ನಾಲ್ಕು ಸ್ಟುವರ್ಟ್, ಗೋಪುರಗಳು ಬೇರೆ. ಒಂದೊಂದೇ ಗೋಪುರ ಕೂರಿಸಿ ದಾರಿಯ ಮೇಲೆ ಇಟ್ಟೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಅತ್ಯುತ್ತಮ ಮಷೀನ್‌ಗನ್ನಿನ ಕಡೆ ಕೈ ತೋರಿಸಿ, ದಾಳ ಎತ್ತಿಕೊಂಡು, "ಎಷ್ಟು ಬೇಕು?" ಅಂದ.

"ಎಷ್ಟೂ ಬೇಡ. ದಾಳ ಕೆಳಗಿಡು."

"ಇದು ಮೋಸ ಮಾವ."

ಹೌದು ಅಂದೆ. ಒಂದು ಸರದಿಗೆ ಮೂರು ಇಂಚು ತೆವಳಿಕೊಂಡು, 5ರ ಗನ್ನಿನ ಆಟೋಗಳು ಬಂಕರಿನಿಂದ ಬಂಕರಿಗೆ ಹೋದವು. ಹನ್ನೆರಡೂಮುಕ್ಕಾಲಿಗೆ ಬೆಟ್ಟ ಖಾಲಿ.

ಮುಂದಿನ ವಾರವೇ ಮತ್ತೆ ಆಡೋಣ ಅಂತ ಬಂದ. ಆಡಿದೆವು. ಮೊದಲ ಸರದಿಯಲ್ಲೇ ದಾರಿಯ ತಿರುವಿನಲ್ಲಿ ಮೈನು ಹೂತಿಟ್ಟಿದ್ದ, ಚಕ್ಕುಲಿ ಡಬ್ಬವನ್ನು ಕೈಗೆತ್ತಿ ಅಲ್ಲಾಡಿಸಿ ನೋಡಿದ್ದ. ಸ್ಟುವರ್ಟ್‌ಗಳು ಅಲ್ಲೇ ನಿಂತವು. ಆ ಆಟವನ್ನು ಒಬ್ಬ ಮನುಷ್ಯನ ಜೊತೆ ಒಂದೇ ಸಲ ಆಡಬಹುದು. ಆಮೇಲೆ ಹೊಸಬನನ್ನು ಹುಡುಕಬೇಕು. ಅವನ ಕ್ಲಾಸಿನವನೊಬ್ಬನನ್ನು ಕರೆತಂದು ಅವನ ಮೇಲೆ ಪ್ರಯೋಗಿಸಿದೆವು. ನಮ್ಮ ಭಾವನವರ ಮೇಲೂ ಪ್ರಯೋಗಿಸಿದೆವು, ಅವರು ಡಬ್ಬ ತೆರೆದಾಗ ಚಕ್ಕುಲಿ ಇಲ್ಲವೆಂದು ಬೇಜಾರು ಮಾಡಿಕೊಂಡರೇ ಹೊರತು ಟ್ಯಾಂಕಿಗಲ್ಲ. ಸ್ಟುವರ್ಟ್ ಕಾರ್ಡಿನಲ್ಲಿ ಈಗ ಕವಚ 4, ಗನ್ನು 5, ವೇಗ 3, ತೂಕ 15 ಅಂತ ಇದೆ. 'ಕಣ್ಣು' ಕಾಲಂನ ಕೆಳಗೆ ಇನ್ನೊಂದು ಕಾಲಂ ಎಳೆದಿದ್ದೇನೆ, ಅದರಲ್ಲಿ ಬರೆದಿರುವುದು ನಾವು ಸೋಲಿಸಿದವರ ಸಂಖ್ಯೆ: 3.

ಇಷ್ಟು ಬರೆದು ಹಾಕಿದ ಮೇಲೆ ಇನ್ನೆಷ್ಟು ಜನ ಸಿಗುತ್ತಾರೋ. ಹುಡುಗನ ಹಾಸ್ಟೆಲ್ ರೂಮ್‌ಮೇಟ್ ಒಬ್ಬ ಬಳ್ಳಾರಿಯವನಂತೆ, ಬರುವ ಭಾನುವಾರ ಬರುತ್ತಾನೆ. ದಯವಿಟ್ಟು ಅವನಿಗೆ ಯಾರೂ ಇದನ್ನು ಕಳಿಸಬೇಡಿ.